ಹವಳದ ರೀಫ್ ಮೇಲೆ ಸರ್ಫಿಂಗ್: ಅಲೆ ಮತ್ತು ಹವಾಮಾನದ ಮುನ್ಸೂಚನೆಯನ್ನು ಯಾವ ಕ್ರಮದಲ್ಲಿ ಓದಬೇಕು

ಮುನ್ಸೂಚನೆ 1.5 ಮೀಟರ್ ಎಂದಿತ್ತು, ಹೋಗಿ ನೋಡಿದರೆ ಕಡಲು ಕೆರೆಯಂತೆ ಮಲಗಿತ್ತು. ಮತ್ತೊಂದು ದಿನ ಅದೇ 1.5 ಮೀಟರ್, ಅದೇ ರೀಫ್ (ಕಡಲಡಿಯ ಹವಳದ ದಿಬ್ಬ). ಇಳಿದವರು ಮುರಿದ ಬೋರ್ಡು, ತರಚಿದ ಬೆನ್ನು ಹೊತ್ತುಕೊಂಡು ಬಂದರು. ಬೆಚ್ಚಗಿನ ನೀರಿನ ರೀಫ್‌ಗಳಿಗೆ ಹೋಗುವವರಿಂದ ನನಗೆ ಪದೇ ಪದೇ ಬರುವ ದೂರು ಇದೇ. "ಆ್ಯಪ್ ಸುಳ್ಳು ಹೇಳಿತು" ಎನ್ನುತ್ತಾರೆ. ಆ್ಯಪ್ ಬಹುತೇಕ ಸರಿಯಾಗಿಯೇ ಹೇಳಿರುತ್ತದೆ, ಇವರು ಎತ್ತರದ ಅಂಕಿಯನ್ನು ಮೊದಲು ಓದಿ ಅಲ್ಲಿಗೇ ನಿಲ್ಲಿಸಿರುತ್ತಾರೆ.

ಮರಳ ತಳದ ಕಿನಾರೆಯಲ್ಲಿ ಹೀಗೆ ಓದಿದರೂ ಹೇಗೋ ನಡೆದೀತು. ರೀಫ್‌ನಲ್ಲಿ ನಡೆಯದು. ಅಲ್ಲಿ ತಳ ಕದಲುವುದಿಲ್ಲ, ಅಲೆ ಒಡೆಯುವ ಜಾಗ ಬದಲಾಗುವುದಿಲ್ಲ. ಹಾಗಾಗಿ ಅಲೆಯ ದಿಕ್ಕು, ನೀರಿನ ಮಟ್ಟ, ಗಾಳಿ ಮೂರೂ ಆ ಒಂದೇ ಜಾಗಕ್ಕೆ ಹೊಂದಬೇಕು. ಒಂದು ತಪ್ಪಿದರೂ ಉಳಿದೆರಡು ಉಪಯೋಗಕ್ಕೆ ಬರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎತ್ತರ ನಾಲ್ಕನೆಯ ಹಂತಕ್ಕೆ ಬರುತ್ತದೆ, ಅದನ್ನು ಮೇಲಕ್ಕೆ ತರಬೇಡಿ.

## ಕೈಯಲ್ಲಿ ಇರಬೇಕಾದದ್ದು

ಸ್ವೆಲ್‌ಗಳನ್ನು (ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆಗಳ ಸಾಲು) ಬಿಡಿಬಿಡಿಯಾಗಿ ತೋರಿಸುವ ಒಂದು ಮುನ್ಸೂಚನೆ ತಾಣ ಬೇಕು. ನಕ್ಷತ್ರಗಳನ್ನೋ ಹಸಿರು ಕೆಂಪು ಬಣ್ಣವನ್ನೋ ಮಾತ್ರ ಕೊಡುವ ತಾಣ ಸಾಲದು. ಸರ್ಫ್‌ಲೈನ್, ವಿಂಡಿ, ವಿಂಡ್‌ಗುರು ಯಾವುದಾದರೂ ಸರಿ, ಮೊದಲ ಸ್ವೆಲ್, ಎರಡನೇ ಸ್ವೆಲ್, ಗಾಳಿಯ ಅಲೆ ಎಂದು ಬೇರೆ ಬೇರೆ ಸಾಲು ಕಾಣಬೇಕು. ಜೊತೆಗೆ ಆ ಜಾಗಕ್ಕೆ ತೀರ ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿ, ಉಪಗ್ರಹ ಚಿತ್ರ, ದಿಕ್ಸೂಚಿ, ಒಂದು ಸಾದಾ ಕೈಗಡಿಯಾರ. ಗಡಿಯಾರವನ್ನು ಹೆಚ್ಚಿನವರು ಬಿಟ್ಟು ಬರುತ್ತಾರೆ. ಒಂಬತ್ತನೆಯ ಹಂತದಲ್ಲಿ ಅದಿಲ್ಲದೆ ಕೆಲಸ ಸಾಗುವುದಿಲ್ಲ.

ಇನ್ನೊಂದು ನೋಟ್‌ಬುಕ್. ಫೋನಿನಲ್ಲಿ ಬರೆದರೂ ಆದೀತು, ಬರೆಯುವುದು ಮುಖ್ಯ.

## 1. ರೀಫ್‌ನ ಜಾತಕ ಬರೆದುಕೊಳ್ಳಿ

ಮುನ್ಸೂಚನೆ ತೆರೆಯುವ ಮೊದಲೇ ಈ ಕೆಲಸ ಆಗಬೇಕು. ಉಪಗ್ರಹ ಚಿತ್ರದಲ್ಲಿ ರೀಫ್ ಹುಡುಕಿ. ತಿಳಿ ಹಸಿರು, ಕಂದು ಬಣ್ಣ ಇರುವಲ್ಲಿ ನೀರು ತೆಳು, ಕಡು ನೀಲಿ ಇರುವಲ್ಲಿ ಆಳ. ಎರಡರ ನಡುವಿನ ಗಡಿರೇಖೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಅಳೆಯಿರಿ. ರೀಫ್ ತುಂಡಾಗಿ ಕಡು ನೀಲಿ ಒಳಕ್ಕೆ ಚಾಚಿಕೊಂಡಿರುವ ಜಾಗವೇ ಚಾನೆಲ್. ಅಲೆ ಒಡೆಯುವುದು ಚಾನೆಲ್‌ನ ಪಕ್ಕದಲ್ಲಿ, ನೀವು ಹೊರಗೆ ಹೋಗುವುದು ಬಹುತೇಕ ಚಾನೆಲ್‌ನ ಮೂಲಕ.

ಚೀಟಿಯಲ್ಲಿ ಐದು ವಿಷಯ ಬರೆಯಿರಿ: ಯಾವ ದಿಕ್ಕಿನ ಸ್ವೆಲ್‌ಗೆ ಬಾಗಿಲು ತೆರೆದಿದೆ, ಅಡ್ಡ ನಿಲ್ಲುವ ದ್ವೀಪ ಅಥವಾ ಭೂಶಿರ ಯಾವ ಡಿಗ್ರಿಯಲ್ಲಿದೆ, ಯಾವ ಗಾಳಿ ನೆಲದಿಂದ ಕಡಲಿಗೆ ಬೀಸಿದಂತಾಗುತ್ತದೆ, ಎಷ್ಟು ಉಬ್ಬರವಿದ್ದರೆ ರೀಫ್ ಮುಳುಗಿರುತ್ತದೆ, ಎಲ್ಲಿಂದ ಹತ್ತಿ ಬರಬೇಕು. ಕೊನೆಯ ಎರಡು ಚಿತ್ರದಲ್ಲಿ ಸಿಗುವುದಿಲ್ಲ, ಅಲ್ಲಿ ದಿನವೂ ಇಳಿಯುವವರನ್ನು ಕೇಳಿಯೇ ತಿಳಿಯಬೇಕು. ಬಾಲಿಯ ಉಲುವಾಟುವಿನಲ್ಲಿ ಉಬ್ಬರದ ಹೊತ್ತಿಗೆ ಒಳಗೆ ಹೊರಗೆ ಓಡಾಡುವುದು ಬಂಡೆಯ ಗುಹೆಯೊಂದರ ಮೂಲಕ. ಸೆಳೆತದಲ್ಲಿ ಅದರ ಬಾಯಿ ತಪ್ಪಿದರೆ ಮತ್ತೆ ದೊಡ್ಡ ಸುತ್ತು ಹಾಕಿ ಬರಬೇಕು. ಇಂಥ ಸಂಗತಿಯನ್ನು ಯಾವ ಮುನ್ಸೂಚನೆಯೂ ಹೇಳುವುದಿಲ್ಲ.

## 2. ಮೊದಲು ಪೀರಿಯಡ್

ಒಂದು ಅಲೆಯ ನೆತ್ತಿ ಹಾದುಹೋದ ಮೇಲೆ ಮುಂದಿನದರ ನೆತ್ತಿ ಬರುವವರೆಗಿನ ಸೆಕೆಂಡುಗಳೇ ಪೀರಿಯಡ್. ಪಟ್ಟಿಯಲ್ಲಿ ಎತ್ತರದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ, ಅದಕ್ಕೇ ಯಾರೂ ಗಮನಿಸುವುದಿಲ್ಲ.

ಆಳವಾದ ಕಡಲಿನಲ್ಲಿ ಅಲೆಯ ಉದ್ದ ಮೀಟರಿನಲ್ಲಿ ಬೇಕಿದ್ದರೆ ಪೀರಿಯಡ್‌ನ ವರ್ಗವನ್ನು 1.56ರಿಂದ ಗುಣಿಸಿ. 8 ಸೆಕೆಂಡಿನ ಅಲೆಗೆ ಸುಮಾರು 100 ಮೀಟರ್ ಉದ್ದ, 16 ಸೆಕೆಂಡಿನದಕ್ಕೆ ಸುಮಾರು 400. ಪೀರಿಯಡ್ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ಅಲೆಗೆ ತಳ ತಾಕತೊಡಗುವುದು ತನ್ನ ಉದ್ದದ ಅರ್ಧದಷ್ಟು ಆಳದಲ್ಲಿ. ಅಂದರೆ 8 ಸೆಕೆಂಡಿನದ್ದು 50 ಮೀಟರ್ ಆಳಕ್ಕೆ ಬಂದಾಗ ಎಚ್ಚರಗೊಂಡರೆ, 16ರದ್ದು 200 ಮೀಟರ್ ಆಳದಲ್ಲೇ ತಿರುಗಿ ಬಾಗಲು ಶುರುಮಾಡುತ್ತದೆ. ರೀಫ್‌ನ ಸುತ್ತ ಸುತ್ತಿಕೊಂಡು ಬರುವುದು, ಒಂದೇ ಮೂಲೆಯಲ್ಲಿ ಬಲ ಗುಡ್ಡೆಹಾಕುವುದು ಉದ್ದ ಪೀರಿಯಡ್‌ನ ಅಲೆಯ ಗುಣ.

ಎತ್ತರದ ಲೆಕ್ಕವೂ ಇಲ್ಲೇ ತಿರುಗುಮುರುಗಾಗುತ್ತದೆ. ಹೊರಗಡಲಿನಲ್ಲಿ 1.5 ಮೀಟರ್ ಇರುವ ಎರಡು ಸ್ವೆಲ್ ತೆಗೆದುಕೊಳ್ಳಿ. ಎಂಜಿನಿಯರುಗಳು ಬಳಸುವ ಸೂತ್ರದಲ್ಲಿ ಹಾಕಿ ನೋಡಿದರೆ 8 ಸೆಕೆಂಡಿನದ್ದು ಒಡೆಯುವಾಗ ಸುಮಾರು 2 ಮೀಟರ್, 16ರದ್ದು ಸುಮಾರು 2.6 ಮೀಟರ್ ಆಗಿ ಎದ್ದು ನಿಲ್ಲುತ್ತದೆ. ಅದು ಹೊತ್ತು ತರುವ ಶಕ್ತಿಯ ಪ್ರವಾಹವೋ ಎರಡು ಪಟ್ಟು. ರೀಫ್‌ನ ಮೂಲೆ ಅದನ್ನು ಇನ್ನಷ್ಟು ಒಟ್ಟುಗೂಡಿಸಿದರೆ ಅಂಕಿ ಮತ್ತೂ ಮೇಲೇರುತ್ತದೆ.

ನನ್ನ ಅಂದಾಜಿನ ಅಳತೆಗೋಲು ಹೀಗಿದೆ. 9 ಸೆಕೆಂಡಿಗಿಂತ ಕಡಿಮೆಯಿದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಅಲೆ, ರೀಫ್ ಮೇಲೆ ಪುಡಿಪುಡಿ. 10ರಿಂದ 13 ಆದರೆ ಆಡಬಹುದಾದ ದಿನ. 14ರಿಂದ ಮೇಲೆ ಹೋದರೆ ದೂರದ ದೊಡ್ಡ ಬಿರುಗಾಳಿಯ ಸ್ವೆಲ್, ಎತ್ತರದ ಅಂಕಿ ಚಿಕ್ಕದಿದ್ದರೂ ಗೌರವ ಕೊಡಬೇಕು.

ಈ ಪಾಠ ನಾನು ಸುಲಭಕ್ಕೆ ಕಲಿತದ್ದಲ್ಲ. ಒಂದು ಬೆಳಿಗ್ಗೆ 0.9 ಮೀಟರ್, 19 ಸೆಕೆಂಡ್ ಎಂದಿತ್ತು. "ಮಕ್ಕಳಾಟ" ಎಂದುಕೊಂಡು ಇಳಿದೆ. ಇಪ್ಪತ್ತು ನಿಮಿಷ ಕನ್ನಡಿಯಂಥ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಬೇಸರವಾಗಿ ಒಳಕ್ಕೆ, ತೆಳು ನೀರಿನ ಕಡೆಗೆ ಜರುಗಿದೆ. ಆಗ ದಿಗಂತದಲ್ಲಿ ಒಂದು ಗೆರೆ ಕಪ್ಪಾಯಿತು. ಆಮೇಲೆ ಏನಾಯಿತೆಂದು ನನ್ನ ಎಡ ಭುಜದ ಕಲೆ ಹೇಳುತ್ತದೆ.

ದೂರದ ಸ್ವೆಲ್‌ನಲ್ಲಿ ಉದ್ದ ಪೀರಿಯಡ್‌ನ ಅಲೆಗಳೇ ಮೊದಲು ಬರುತ್ತವೆ, ಏಕೆಂದರೆ ಅವೇ ವೇಗವಾಗಿ ಓಡುವಂಥವು. ಅಲೆಗಳ ಗುಂಪು ಗಂಟೆಗೆ ಎಷ್ಟು ಕಿಲೋಮೀಟರ್ ಸಾಗುತ್ತದೆ ಎಂದು ತಿಳಿಯಲು ಪೀರಿಯಡ್ ಅನ್ನು 2.8ರಿಂದ ಗುಣಿಸಿದರೆ ಸಾಕು. 16 ಸೆಕೆಂಡಿನ ಗುಂಪು ಗಂಟೆಗೆ 45 ಕಿಲೋಮೀಟರ್, ದಿನಕ್ಕೆ ಸುಮಾರು 1,080. ಬಿರುಗಾಳಿ 5,000 ಕಿಲೋಮೀಟರ್ ದೂರದಲ್ಲಿದ್ದರೆ ಅದು ನಾಲ್ಕೂವರೆ ದಿನ ಕಳೆದು ತಲುಪುತ್ತದೆ, 12 ಸೆಕೆಂಡಿನದಕ್ಕೆ ಆರು ದಿನ ದಾಟುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಪೀರಿಯಡ್ ದಿಢೀರನೆ 9ರಿಂದ 18ಕ್ಕೆ ಹಾರಿ, ಎತ್ತರ ಮಾತ್ರ ಸಣ್ಣದೇ ಉಳಿದಿದ್ದರೆ ಹೊಸ ಸ್ವೆಲ್‌ನ ಮುಂಗಾಲು ಬಂದಿದೆ ಎಂದರ್ಥ. ಎತ್ತರ ಬರುವ ಗಂಟೆಗಳಲ್ಲಿ ಏರುತ್ತದೆ.

## 3. ದಿಕ್ಕು: ಬಾಗಿಲಿಗೆ ನೇರವಾಗಿದೆಯೇ

ಪಟ್ಟಿಯಲ್ಲಿ ಬರೆಯುವ ಡಿಗ್ರಿ ಅಲೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಹೇಳುತ್ತದೆ. 225 ಎಂದರೆ ನೈರುತ್ಯದಿಂದ ಬರುವ ಸ್ವೆಲ್. ಬಾಣದ ಗುರುತು ಮಾತ್ರ ಅಲೆ ಹೋಗುವ ಕಡೆಗೆ ತೋರಿಸುತ್ತದೆ. ಅಂಕಿ ಒಂದು ಕಡೆ, ಬಾಣ ಅದರ ವಿರುದ್ಧ. ಇದರಲ್ಲಿ ಗಲಿಬಿಲಿಯಾಗಿ ದ್ವೀಪದ ತಪ್ಪು ದಡಕ್ಕೆ ಹೋಗಿ ಕೂತವರನ್ನು ಕಂಡಿದ್ದೇನೆ.

ನಿಮ್ಮ ಚೀಟಿಯಲ್ಲಿ ಬಾಗಿಲು 190ರಿಂದ 240 ಡಿಗ್ರಿ ಎಂದಿದೆ ಅಂದುಕೊಳ್ಳಿ. 215ರಿಂದ ಬಂದ ಸ್ವೆಲ್ ನೇರವಾಗಿ ಒಳಬರುತ್ತದೆ. 170ರಿಂದ ಬಂದದ್ದು ಉದ್ದ ಪೀರಿಯಡ್‌ನದ್ದಾದರೆ ಬಾಗಿ ಸ್ವಲ್ಪ ತಲುಪೀತು, 9 ಸೆಕೆಂಡಿನದ್ದಾದರೆ ಪಕ್ಕದಲ್ಲೇ ಹಾದುಹೋಗುತ್ತದೆ. ಪೀರಿಯಡ್ ಮೊದಲು, ದಿಕ್ಕು ನಂತರ ಎಂದದ್ದು ಇದಕ್ಕೇ.

ಬಾಗಿಲಿನ ಒಳಗೇ ಇದ್ದರೂ ಕೋನ ಬದಲಾದರೆ ಅಲೆಯ ಸ್ವಭಾವ ಬದಲಾಗುತ್ತದೆ. ಓರೆಯಾಗಿ ಬಂದ ಅಲೆ ರೀಫ್‌ನ ಉದ್ದಕ್ಕೂ ಸುಲಿಯುತ್ತಾ ಹೋಗುತ್ತದೆ, ನಿಮಗೆ ಓಡಲು ಗೋಡೆ ಸಿಗುತ್ತದೆ. ರೀಫ್‌ಗೆ ಎದುರಾಎದುರು ಬಂದದ್ದು ಇಡೀ ಉದ್ದಕ್ಕೆ ಒಮ್ಮೆಗೇ ಕುಸಿಯುತ್ತದೆ. ತಾಹಿತಿಯ ಟಿಯಾಹುಪೋ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. 2024ರ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದ ಆ ಎಡ ಅಲೆ (ಸವಾರನ ಎಡಕ್ಕೆ ಸುಲಿಯುವಂಥದ್ದು), ಸ್ವೆಲ್ ಹೆಚ್ಚು ಪಶ್ಚಿಮಕ್ಕೆ ತಿರುಗಿದಂತೆ ಹೆಚ್ಚು ಟೊಳ್ಳಾಗಿ, ಹೆಚ್ಚು ನಿರ್ದಯವಾಗಿ ಒಡೆಯುತ್ತದೆ.

ಋತುವೂ ದಿಕ್ಕಿನ ಲೆಕ್ಕಕ್ಕೇ ಸೇರುತ್ತದೆ. ಬಾಲಿ, ಫಿಜಿ, ಮಾಲ್ಡೀವ್ಸ್‌ಗಳಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಕ್ಷಿಣ ಗೋಳಾರ್ಧದ ಚಳಿಗಾಲದ ಬಿರುಗಾಳಿಗಳು ಅಲೆ ಕಳಿಸುತ್ತವೆ. ಹವಾಯಿಯ ಓಅಹು ದ್ವೀಪದ ಉತ್ತರ ದಡದಲ್ಲಿರುವ ಪೈಪ್‌ಲೈನ್ ಎಚ್ಚರಗೊಳ್ಳುವುದು ಉತ್ತರ ಪೆಸಿಫಿಕ್‌ನ ಚಳಿಗಾಲದಲ್ಲಿ. ಜುಲೈಯಲ್ಲಿ ಅಲ್ಲಿಗೆ ಹೋದವರು ಈಜಿ ಬರಬಹುದು.

## 4. ಈಗ ಎತ್ತರ

ಪಟ್ಟಿಯಲ್ಲಿ ಕಾಣುವ ಎತ್ತರ ಸಾಮಾನ್ಯವಾಗಿ ಅತಿ ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಗಂಟೆಗಳ ಕಾಲ ಕಾದರೆ ಅದರ ಎರಡು ಪಟ್ಟಿಗೆ ಹತ್ತಿರದ ಒಂದು ಅಲೆ ಬಂದೇ ಬರುತ್ತದೆ. 1.5 ಎಂದಿದ್ದರೆ ನಿಮ್ಮ ನಿರ್ಧಾರ ಆ ದೊಡ್ಡ ಅಲೆಯನ್ನು ಲೆಕ್ಕಕ್ಕೆ ಹಿಡಿದಿರಲಿ.

ಒಟ್ಟು ಎತ್ತರ ಎಂಬ ಅಂಕಿಯನ್ನು ನಂಬಬೇಡಿ. ಎರಡು ಸ್ವೆಲ್‌ಗಳು ಕೂಡಿದಾಗ ಅಂಕಿಗಳು ನೇರವಾಗಿ ಕೂಡುವುದಿಲ್ಲ, ವರ್ಗಗಳು ಕೂಡುತ್ತವೆ. 2 ಮೀಟರಿನದ್ದೂ 1.5 ಮೀಟರಿನದ್ದೂ ಸೇರಿದರೆ ಪಟ್ಟಿ 2.5 ಎನ್ನುತ್ತದೆ. ಆ 2.5ರಲ್ಲಿ ನಿಮ್ಮ ರೀಫ್‌ನ ಬಾಗಿಲಿಗೆ ಬರುವುದು ಎಷ್ಟು? 1.5 ಮಾತ್ರ ಇರಬಹುದು, ಉಳಿದದ್ದು ದ್ವೀಪದ ಇನ್ನೊಂದು ಬದಿಗೆ ಬಡಿಯುವ ಗಾಳಿಯ ಅಲೆ ಇರಬಹುದು. ಬಿಡಿ ಸಾಲುಗಳನ್ನೇ ಓದಿ.

ಅಳತೆಯ ಭಾಷೆಯೂ ಗೋಜಲು. ಅಡಿಯನ್ನು ಮೀಟರ್ ಎಂದು ಓದುವುದು ಒಂದು. ಹವಾಯಿಯ ಹಳೆಯ ಅಳತೆಯಲ್ಲಿ "ಆರು ಅಡಿ" ಎಂದರೆ ಮುಂಭಾಗದ ಗೋಡೆ ಅದರ ಸುಮಾರು ಎರಡು ಪಟ್ಟು ಇರುತ್ತದೆ, ಇದು ಇನ್ನೊಂದು. ದೋಣಿಯವನು "ನಾಲ್ಕಡಿ" ಎಂದರೆ ಯಾರ ನಾಲ್ಕಡಿ ಎಂದು ಕೇಳಿ.

## 5. ಉಬ್ಬರವಿಳಿತ: ರೀಫ್‌ನಲ್ಲಿ ಎಲ್ಲರೂ ಎಡವುವ ಕಡೆ

ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. 2 ಮೀಟರ್ ಅಲೆಗೆ 2.6 ಮೀಟರ್ ನೀರು. ಆಳದಿಂದ ತಟ್ಟನೆ ಮೇಲೇಳುವ ರೀಫ್‌ನಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಅಲೆ ತಡವಾಗಿ, ಇನ್ನಷ್ಟು ತೆಳು ನೀರಿನಲ್ಲಿ, ಇದ್ದಕ್ಕಿದ್ದಂತೆ ಬಗ್ಗುತ್ತದೆ. ಒಡೆಯುವ ಮುನ್ನ ಎದುರಿನ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮೊಣಕಾಲಿನಷ್ಟಿದ್ದ ನೀರು ಆ ಕ್ಷಣ ಪಾದದಷ್ಟಾಗುತ್ತದೆ. ನೀವು ಬೀಳುವುದು ಸರಿಯಾಗಿ ಅಲ್ಲಿ, ಸರಿಯಾಗಿ ಆಗ.

ಹಾಗಾಗಿ ಪಟ್ಟಿಯಲ್ಲಿ "ಇಳಿತ 10.40ಕ್ಕೆ" ಎಂದು ನೋಡಿ ಮುಚ್ಚಿಡಬೇಡಿ. ಮೂರು ಕೆಲಸ ಮಾಡಿ.

ಮೊದಲನೆಯದು, ಮಟ್ಟದ ಅಂಕಿ ಓದಿ. ಇಳಿತಗಳೆಲ್ಲ ಒಂದೇ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ತುಂಬ ಮೇಲೆ, ಇಳಿತ ತುಂಬ ಕೆಳಗೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡರ ಅಂತರವೂ ಕುಗ್ಗಿರುತ್ತದೆ. ಹೊಸ ರೀಫ್‌ಗೆ ಮೊದಲ ಸಲ ಹೋಗುವವರು ಅಷ್ಟಮಿಯ ವಾರ ಆರಿಸಿಕೊಂಡರೆ ಒಂದು ತಲೆನೋವು ಕಡಿಮೆ.

ಎರಡನೆಯದು, ನೀವು ನೀರಲ್ಲಿರುವ ಹೊತ್ತಿನಲ್ಲಿ ಮಟ್ಟ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಹನ್ನೆರಡನೇ ಪಾಲಿನ ಲೆಕ್ಕ ಸಾಕಾಗುತ್ತದೆ. ಇಳಿಯುವ ಆರು ಗಂಟೆಗಳಲ್ಲಿ ಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಪಾಲು ನೀರು ಹೋಗುತ್ತದೆ. ಉಬ್ಬರ 2 ಮೀಟರ್, ಇಳಿತ 0.2 ಮೀಟರ್ ಇದ್ದರೆ ಅಂತರ 1.8. ನಡುವಿನ ಎರಡೇ ಗಂಟೆಯಲ್ಲಿ 0.9 ಮೀಟರ್ ಮಾಯ. ಎದೆಮಟ್ಟ ನೀರಿದ್ದಾಗ ಇಳಿದವರು ಎರಡು ಗಂಟೆ ಕಳೆದು ಮೊಣಕಾಲು ಮಟ್ಟದ ನೀರಿನ ಮೇಲೆ ಅಲೆ ಹಿಡಿಯುತ್ತಿರುತ್ತಾರೆ, ಆಟದ ಗುಂಗಿನಲ್ಲಿ ಗೊತ್ತೇ ಆಗುವುದಿಲ್ಲ. ಹೊಸಬರು ಉಬ್ಬರ ಏರುತ್ತಿರುವ ಹೊತ್ತಿನಲ್ಲಿ ಇಳಿಯಿರಿ. ಆಗ ಪ್ರತಿ ನಿಮಿಷವೂ ನಿಮ್ಮ ಕಾಲ ಕೆಳಗೆ ನೀರು ಸೇರುತ್ತಿರುತ್ತದೆ.

ಮೂರನೆಯದು, ಹೊರಬರುವ ಹೊತ್ತಿನ ಮಟ್ಟ. ಇಳಿತದಲ್ಲಿ ರೀಫ್‌ನ ನೆತ್ತಿ ಒಣಗಿ ನಿಂತರೆ ಹೋದ ದಾರಿಯಲ್ಲಿ ಬರಲಾಗದು. ಚಾನೆಲ್‌ನಲ್ಲಿ ಒಳಬರಬೇಕು, ಆದರೆ ರೀಫ್ ದಾಟಿ ಒಳಗೆ ಸುರಿದ ನೀರೆಲ್ಲ ಹೊರಗೆ ಓಡುವುದೂ ಅದೇ ಚಾನೆಲ್‌ನಲ್ಲಿ. ದೊಡ್ಡ ಸ್ವೆಲ್ ಮತ್ತು ಇಳಿಯುವ ನೀರು ಎರಡೂ ಕೂಡಿದ ದಿನ ಅಲ್ಲಿ ಕೈಬೀಸಿ ಕೈಬೀಸಿ ಇದ್ದಲ್ಲೇ ಇರುತ್ತೀರಿ.

ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ನಿನ್ನೆಯ ಹೊತ್ತು ಇಂದಿಗೆ ಹೊಂದುವುದಿಲ್ಲ. ಇದಕ್ಕೆ ತಾಹಿತಿ ಒಂದು ಮೋಜಿನ ಅಪವಾದ. ಅಲ್ಲಿ ಚಂದ್ರನ ಸೆಳೆತದ ಪರಿಣಾಮ ತೀರ ಕಡಿಮೆ, ಸೂರ್ಯನದ್ದೇ ಕಾರುಬಾರು. ಉಬ್ಬರ ಹೆಚ್ಚುಕಡಿಮೆ ಪ್ರತಿದಿನ ನಡುಹಗಲು ಮತ್ತು ನಡುರಾತ್ರಿಯಲ್ಲೇ ಬರುತ್ತದೆ, ಏರಿಳಿತವೂ ಗೇಣಿನ ಲೆಕ್ಕದ್ದು. ಅಲ್ಲಿಂದ ಬಂದ ಸರ್ಫರ್ ಬೇರೆ ಕಡಲಿನಲ್ಲಿ ಉಬ್ಬರದ ಪಟ್ಟಿ ಮರೆತರೆ ಆಶ್ಚರ್ಯವಿಲ್ಲ.

## 6. ಗಾಳಿ

ಗಾಳಿಯ ದಿಕ್ಕನ್ನೂ ಅದು ಬರುವ ಕಡೆಯಿಂದಲೇ ಹೆಸರಿಸುತ್ತಾರೆ. ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪು ಮಾಡುತ್ತದೆ. ಕಡಲಿಂದ ನೆಲಕ್ಕೆ ಬೀಸುವುದು ಅದನ್ನು ಕಲಕುತ್ತದೆ. 5 ನಾಟ್‌ಗಿಂತ ಕಡಿಮೆಯಿದ್ದರೆ ದಿಕ್ಕು ಯಾವುದಾದರೂ ಚಿಂತೆಯಿಲ್ಲ. ನೆಲದ ಗಾಳಿ 12 ನಾಟ್‌ವರೆಗೆ ಚೆಂದ. 20 ದಾಟಿದರೆ ಅದೂ ತೊಂದರೆಯೇ. ಎದ್ದು ನಿಲ್ಲುವ ಹೊತ್ತಿಗೆ ಬೋರ್ಡಿನ ಮೂತಿಯ ಅಡಿಗೆ ಗಾಳಿ ಹೊಕ್ಕು ನಿಮ್ಮನ್ನು ಅಲೆಯ ನೆತ್ತಿಯಲ್ಲೇ ತಡೆದು ನಿಲ್ಲಿಸುತ್ತದೆ, ಕಣ್ಣಿಗೆ ತುಂತುರು ಎರಚುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಪಟ್ಟಿ ಯಾವ ಅಳತೆಯಲ್ಲಿದೆ ನೋಡಿಕೊಳ್ಳಿ.

ಬಿಸಿಲ ನಾಡಿನ ದೊಡ್ಡ ಭೂಭಾಗದ ಅಂಚಿನಲ್ಲಿ ದಿನಚರಿ ಸರಳ. ಬೆಳಗಿನ ಜಾವ ನೆಲಗಾಳಿ, ಬಿಸಿಲು ಏರಿ ನೆಲ ಕಾದ ಮೇಲೆ ಕಡಲಗಾಳಿ. ಹತ್ತು ಹನ್ನೊಂದರ ಹೊತ್ತಿಗೆ ಆಟ ಮುಗಿಯುತ್ತದೆ. ಹವಳದ ಸಣ್ಣ ದ್ವೀಪಗಳಲ್ಲಿ ಕಾಯಲು ನೆಲವೇ ಇಲ್ಲ, ಅಲ್ಲಿ ದಿನವಿಡೀ ವಾಣಿಜ್ಯ ಮಾರುತದ್ದೇ ಆಡಳಿತ. ಬಾಲಿಯ ಉಲುವಾಟು ಬದಿಗೆ ಒಣ ಋತುವಿನ ಆಗ್ನೇಯ ಗಾಳಿ ನೆಲದ ಕಡೆಯಿಂದ ಬರುತ್ತದೆ. ಅದೇ ಗಾಳಿ ಆ ದ್ವೀಪದ ಪೂರ್ವ ದಡದ ಅಲೆಯನ್ನು ಕೆಡಿಸುತ್ತದೆ.

ಜಾಗತಿಕ ಮಾದರಿಗಳ ಚೌಕಗಳು ದೊಡ್ಡವು. ಅಮೆರಿಕದ ಜಿಎಫ್‌ಎಸ್ ಮಾದರಿಯ ದತ್ತಾಂಶ ಸಾಮಾನ್ಯವಾಗಿ ಸಿಗುವುದು ಕಾಲು ಡಿಗ್ರಿಗೆ ಒಂದರಂತೆ, ಸಮಭಾಜಕದ ಬಳಿ ಸುಮಾರು 28 ಕಿಲೋಮೀಟರ್. ನಿಮ್ಮ ದ್ವೀಪವೇ ಆ ಚೌಕದೊಳಗೆ ಕಾಣೆಯಾಗಿರಬಹುದು. ಗುಡ್ಡದ ಮರೆ, ಕಣಿವೆಯಿಂದ ಇಳಿಯುವ ಮುಂಜಾನೆಯ ತಂಗಾಳಿ ಅದಕ್ಕೆ ಗೊತ್ತಿರುವುದಿಲ್ಲ. ಗಾಳಿಯ ವಿಷಯದಲ್ಲಿ ಮುನ್ಸೂಚನೆಗಿಂತ ದಡದ ಮರಗಳ ಎಲೆಯನ್ನು ಹೆಚ್ಚು ನಂಬುತ್ತೇನೆ.

## 7. ಮಳೆ, ಸಿಡಿಲು, ಚಂಡಮಾರುತ

ಬೆಚ್ಚಗಿನ ಕಡಲಿನ ಮೇಲೆ ಮೋಡ ಕಟ್ಟುವುದಕ್ಕೆ ಹೆಚ್ಚು ಹೊತ್ತು ಬೇಡ. ಕಡಲ ಮೇಲೆ ಬೂದು ಪರದೆಯಂತೆ ಮಳೆ ಬರುವುದು ಕಂಡರೆ ಅದರ ಮುಂದೆ ಗಾಳಿ ತಟ್ಟನೆ ತಿರುಗಿ ಜೋರಾಗುತ್ತದೆ. ಚಾನೆಲ್‌ನಲ್ಲಿ ಇದ್ದರೆ ಆಗಲೇ ಒಳಗೆ ಹೊರಡಿ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ನೀರು ಬಿಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಮತ್ತೆ ಇಳಿಯಬೇಡಿ.

ಜೋರು ಮಳೆ ಬಂದು ಹೊಳೆಯ ಕೆಂಪು ನೀರು ರೀಫ್‌ವರೆಗೆ ಬಂದಿದ್ದರೆ ಮೂರು ದಿನ ಬಿಟ್ಟುಬಿಡಿ. ಕೊಳೆ, ರೋಗಾಣು ಎಲ್ಲ ಅದರಲ್ಲಿರುತ್ತವೆ, ತಳವೂ ಕಾಣುವುದಿಲ್ಲ.

ದೂರದ ಚಂಡಮಾರುತ ಒಳ್ಳೆಯ ಅಲೆ ಕಳಿಸುವುದುಂಟು. ಆದರೆ ಅದು ಚಲಿಸುತ್ತಿರುತ್ತದೆ, ಆದ್ದರಿಂದ ಸ್ವೆಲ್‌ನ ದಿಕ್ಕು ಗಂಟೆಗಂಟೆಗೂ ತಿರುಗುತ್ತದೆ. ಬೆಳಿಗ್ಗೆ ಓರೆಯಾಗಿ ಬಂದು ಸುಲಿದ ಅಲೆ ಮಧ್ಯಾಹ್ನ ಎದುರಾಗಿ ಬಂದು ಇಡೀ ರೀಫ್ ಮೇಲೆ ಕುಸಿಯಬಹುದು. ಅಂಥ ದಿನ ಸ್ಥಳೀಯ ಹವಾಮಾನ ಇಲಾಖೆಯ ಎಚ್ಚರಿಕೆಯೇ ಅಂತಿಮ, ಸರ್ಫ್ ಆ್ಯಪ್ ಅಲ್ಲ.

## 8. ಯಾವ ದಿನ ಯಾವುದನ್ನು ನಂಬಬೇಕು

ಹತ್ತು ದಿನ ಮುಂಚಿನ ಪಟ್ಟಿಯನ್ನು ಪಂಚಾಂಗದ ಮಳೆ ಭವಿಷ್ಯದಂತೆ ನೋಡಿ, ಖುಷಿಗೆ ಮಾತ್ರ. ಐದು ದಿನ ಇರುವಾಗ ನೋಡಬೇಕಾದ್ದು ಒಂದೇ: ಬಿರುಗಾಳಿ ನಿಜಕ್ಕೂ ಹುಟ್ಟಿದೆಯೇ, ಇನ್ನೂ ಮಾದರಿಯ ಕಲ್ಪನೆಯಲ್ಲೇ ಇದೆಯೇ. ಹುಟ್ಟಿ, ಅಲೆ ಹೊರಟಿದ್ದರೆ ಸ್ವೆಲ್ ಬಂದೇ ಬರುತ್ತದೆ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದರ ಹಿಂದೊಂದು ಬಂದ ಲೆಕ್ಕಗಳು ಒಂದೇ ಮಾತು ಹೇಳುತ್ತಿದ್ದರೆ, ಯುರೋಪಿನ ಮಾದರಿಯೂ ಹೌದೆನ್ನುತ್ತಿದ್ದರೆ ಧೈರ್ಯ ಮಾಡಬಹುದು. ಪ್ರತಿ ಸಲವೂ ಅಂಕಿ ಜಿಗಿದಾಡುತ್ತಿದ್ದರೆ ಅದಕ್ಕೂ ಗೊತ್ತಿಲ್ಲ ಎಂದರ್ಥ.

ಹಿಂದಿನ ದಿನ ತೇಲುಬೋಯಿಗಳ (ಕಡಲಿನಲ್ಲಿ ತೇಲುತ್ತಾ ಅಲೆ ಅಳೆಯುವ ಉಪಕರಣಗಳು) ಅಳತೆ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಸ್ವೆಲ್ ಬರುವ ದಾರಿಯಲ್ಲಿ 300 ಕಿಲೋಮೀಟರ್ ಆಚೆ ಒಂದು ಬೋಯಿ 16 ಸೆಕೆಂಡ್ ತೋರಿಸಿತೆಂದರೆ ಸುಮಾರು ಆರೇಳು ಗಂಟೆಯಲ್ಲಿ ಅದು ನಿಮ್ಮ ಬಾಗಿಲಿಗೆ ಬರುತ್ತದೆ. ಬೋಯಿ ಮತ್ತು ಮಾದರಿಗಳ ಸಮಯ ಹಲವೆಡೆ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳದೆ ಓದಿ ಅರ್ಧ ದಿನ ತಪ್ಪಿಸಿಕೊಂಡವರು ಬಹಳ.

## 9. ದಡದಲ್ಲಿ ಅರ್ಧ ಗಂಟೆ, ಗಡಿಯಾರ ಹಿಡಿದು

ಬೋರ್ಡಿಗೆ ಮೇಣ ಹಚ್ಚುವ ಮೊದಲು ಕೂತು ನೋಡಿ. ಐದು ನಿಮಿಷ ಸಾಲದು. ಉದ್ದ ಪೀರಿಯಡ್‌ನ ದಿನ ಎರಡು ಸೆಟ್‌ಗಳ (ಗುಂಪಾಗಿ ಬರುವ ದೊಡ್ಡ ಅಲೆಗಳು) ನಡುವೆ ಹದಿನೈದು ಇಪ್ಪತ್ತು ನಿಮಿಷ ಕಡಲು ಸುಮ್ಮನಿರುತ್ತದೆ. ಕನಿಷ್ಠ ಎರಡು ಸೆಟ್ ನೋಡದೆ ಏಳಬೇಡಿ.

ಒಂದು ಸೆಟ್‌ನಲ್ಲಿ ಎಷ್ಟು ಅಲೆ, ಎರಡರ ನಡುವೆ ಎಷ್ಟು ಸೆಕೆಂಡು ಎಂದು ಬರೆಯಿರಿ. ಪಟ್ಟಿ 12 ಎಂದಿದ್ದು ನೀವು 17 ಎಣಿಸಿದರೆ ಹೊಸ ಸ್ವೆಲ್ ಬೇಗ ಬಂದಿದೆ, ನಾಲ್ಕನೆಯ ಹಂತದ ಲೆಕ್ಕ ಮತ್ತೆ ಮಾಡಿ. ಸೆಟ್‌ನ ಅತಿ ದೊಡ್ಡ ಅಲೆ ಎಲ್ಲಿ ಒಡೆಯಿತು ಎಂಬುದಕ್ಕೆ ದಡದ ಎರಡು ಗುರುತುಗಳನ್ನು ಒಂದೇ ಸಾಲಿಗೆ ಹೊಂದಿಸಿಟ್ಟುಕೊಳ್ಳಿ, ಒಂದು ಮರ ಮತ್ತು ಅದರ ಹಿಂದಿನ ಗುಡ್ಡದ ತುದಿ ಇದ್ದಂತೆ. ನೀರಿನಲ್ಲಿ ಕೂತಾಗ ಸೆಳೆತ ನಿಮ್ಮನ್ನು ಎಲ್ಲಿಗೆ ಒಯ್ದಿದೆ ಎಂದು ಹೇಳುವುದು ಅವೇ.

ಆಮೇಲೆ ಜನರನ್ನು ನೋಡಿ. ಎಲ್ಲಿಂದ ಹಾರಿದರು, ಬಿದ್ದವರು ಎಲ್ಲಿ ಮೇಲೆ ಬಂದರು, ಯಾವ ದಾರಿಯಲ್ಲಿ ಹತ್ತಿದರು. ಒಳ್ಳೆಯ ಅಲೆ ಇದ್ದೂ ನೀರಲ್ಲಿ ಒಬ್ಬರೂ ಇಲ್ಲವೆಂದರೆ ಹಿಗ್ಗಬೇಡಿ, ಕಾರಣ ಕೇಳಿ.

ಹೀಗಿದ್ದರೆ ಇಳಿಯಬೇಡಿ: ಅಲೆ ಸರಿದಾಗ ರೀಫ್‌ನ ಕಂದು ತಲೆಗಳು ಹೊರಗೆ ಕಂಡರೆ, ಚಾನೆಲ್‌ನೊಳಗೂ ಅಲೆ ಒಡೆದರೆ, ಹತ್ತಿ ಬರುವ ಜಾಗ ಒಂದೇ ಇದ್ದು ಅಲ್ಲಿ ಸೆಟ್ ಬಡಿಯುತ್ತಿದ್ದರೆ. ಈ ಮೂರರಲ್ಲಿ ಒಂದಿದ್ದರೂ ಸಾಕು.

## 10. ನೀರಿನಲ್ಲಿರುವಾಗ

ಬೆಚ್ಚಗಿನ ನೀರಿನಲ್ಲಿ ದಪ್ಪ ವೆಟ್‌ಸೂಟ್ ಇರುವುದಿಲ್ಲ. ಚರ್ಮಕ್ಕೆ ಕವಚವೂ ಇಲ್ಲ, ತೇಲಲು ಆಸರೆಯೂ ಇಲ್ಲ. ಉದ್ದ ತೋಳಿನ ತೆಳು ಅಂಗಿ, ರೀಫ್ ಬೂಟು, ಹೊಸಬರಿಗೆ ಹೆಲ್ಮೆಟ್ ಇರಲಿ. ನಾಚಿಕೆ ಪಡುವಂಥದ್ದೇನೂ ಇಲ್ಲ. ಬೂಟು ಇದೆಯೆಂದು ಜೀವಂತ ಹವಳದ ಮೇಲೆ ನಡೆಯಬೇಡಿ, ಅದು ಮುರಿಯುತ್ತದೆ, ನಿಮ್ಮ ಕಾಲೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಬೀಳುವಾಗ ತಲೆ ಮುಂದಾಗಿ ಧುಮುಕಬಾರದು, ಕಾಲು ನೆಟ್ಟಗೆ ಚಾಚಿ ತಳ ಹುಡುಕಲೂಬಾರದು. ಬೆನ್ನು ಅಥವಾ ಪಕ್ಕೆ ಚಪ್ಪಟೆಯಾಗುವಂತೆ ಬಿದ್ದು, ಕೈಗಳಿಂದ ತಲೆ ಮುಚ್ಚಿಕೊಂಡು, ನೀರು ಬಿಟ್ಟಾಗ ಮೇಲೆ ಬನ್ನಿ.

ಕೆಲವು ಸೂಚನೆಗಳಿಗೆ ಕಣ್ಣು ತೆರೆದಿರಲಿ. ಪ್ರತಿ ಸೆಟ್ ಹಿಂದಿನದಕ್ಕಿಂತ ಸ್ವಲ್ಪ ಹೊರಗೆ ಒಡೆಯುತ್ತಿದ್ದರೆ ಸ್ವೆಲ್ ಏರುತ್ತಿದೆ. ನೀವು ಹೊಂದಿಸಿಟ್ಟ ಮರ ಮತ್ತು ಗುಡ್ಡ ಬೇರೆಯಾಗುತ್ತಿದ್ದರೆ ಸೆಳೆತ ಬಲವಾಗಿದೆ. ಅಲೆಯ ಬುಡದಲ್ಲಿ ನೀರು ಕುದಿಯುವಂತೆ ಸುಳಿಯುತ್ತಿದ್ದರೆ ಕೆಳಗೆ ಹವಳದ ತಲೆಯೊಂದು ಹತ್ತಿರ ಬಂದಿದೆ, ಅಂದರೆ ಮಟ್ಟ ಇಳಿದಿದೆ. ತಲೆನೋವು, ಬಾಯಾರಿಕೆ, ತೋಳಿನಲ್ಲಿ ನಿಶ್ಶಕ್ತಿ ಕಂಡರೆ ಬಿಸಿಲು ನಿಮ್ಮನ್ನು ಒಣಗಿಸಿದೆ. ಬೆಚ್ಚಗಿನ ನೀರಿನಲ್ಲಿ ಬೆವರಿದ್ದು ತಿಳಿಯುವುದೇ ಇಲ್ಲ. ಹೊರಬರಲು ಅರ್ಧ ಶಕ್ತಿ ಉಳಿದಿರುವಾಗಲೇ ಹೊರಡಿ.

ಚಂದ್ರನ ತಿಥಿ ಉಬ್ಬರಕ್ಕೆ ಮಾತ್ರ ಬೇಕೆಂದುಕೊಳ್ಳಬೇಡಿ. ಹವಾಯಿಯ ದಕ್ಷಿಣ ದಡಗಳಿಗೆ ಹುಣ್ಣಿಮೆ ಕಳೆದ ಎಂಟರಿಂದ ಹತ್ತನೆಯ ದಿನಗಳಲ್ಲಿ ಚುಚ್ಚುವ ಪೆಟ್ಟಿಗೆ ಲೋಳೆಮೀನುಗಳು ಗುಂಪಾಗಿ ಬರುತ್ತವೆ.

## 11. ಹೊರಬಂದ ಮೇಲೆ

ಹವಳದ ಗೀರು ಎಷ್ಟೇ ಸಣ್ಣದಿರಲಿ, ಅದರೊಳಗೆ ಚೂರುಗಳು ಉಳಿದಿರುತ್ತವೆ. ಶುದ್ಧ ನೀರು, ಸಾಬೂನು ಹಾಕಿ ಉಜ್ಜಿ ತೊಳೆಯಿರಿ, ಕಾಣುವ ಚೂರನ್ನು ಚಿಮಟದಿಂದ ತೆಗೆಯಿರಿ. ನಿಂಬೆರಸ ಹಿಂಡುವುದು ಸರ್ಫರ್‌ಗಳ ಹಳೆಯ ಚಾಳಿ. ಉರಿ ಬರುತ್ತದೆ, ಆದರೆ ತೊಳೆಯುವ ಕೆಲಸ ಅದರಿಂದ ಆಗುವುದಿಲ್ಲ. ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಪ್ರವಾಸಕ್ಕೆ ಮೊದಲೇ ನೋಡಿಟ್ಟುಕೊಳ್ಳಿ.

ಮೈ ಒಣಗುವ ಮೊದಲು ನೋಟ್‌ಬುಕ್ ತೆರೆಯಿರಿ. ಎಡಗಡೆ ಪಟ್ಟಿ ಹೇಳಿದ್ದು, ಬಲಗಡೆ ನೀವು ಕಂಡದ್ದು. ನನ್ನ ಒಂದು ಸಾಲು ಹೀಗಿದೆ: "1.3 ಮೀಟರ್, 15 ಸೆಕೆಂಡ್, 210 ಡಿಗ್ರಿ, ಉಬ್ಬರ 1.1 ಏರುತ್ತಾ, ಗಾಳಿ ಆಗ್ನೇಯ 8 ನಾಟ್ / ತಲೆಗಿಂತ ಒಂದಡಿ ಮೇಲೆ, ಹತ್ತು ನಿಮಿಷಕ್ಕೆ ಒಂದು ಸೆಟ್, 9.15ರವರೆಗೆ ಚೆಂದ, ಮಟ್ಟ 1.6 ಆದ ಮೇಲೆ ಅಲೆ ಕೊಬ್ಬಿ ನಿಧಾನವಾಯಿತು." ಹೀಗೆ ಇಪ್ಪತ್ತು ಸಾಲು ತುಂಬಿದ ಮೇಲೆ ಆ ರೀಫ್‌ಗೆ 210 ಹೊಂದುತ್ತದೆಯೋ 220 ಹೊಂದುತ್ತದೆಯೋ, ಯಾವ ಮಟ್ಟಕ್ಕೆ ಎದ್ದು ಬರಬೇಕೋ ನಿಮ್ಮ ಪುಟದಲ್ಲೇ ಸಿಗುತ್ತದೆ. ಅಲ್ಲಿಂದ ಮುಂದೆ ಮೊದಲ ಹಂತದ ಚೀಟಿಯನ್ನು ಹರಿದು ಹೊಸದಾಗಿ ಬರೆಯಿರಿ.